ಗುಂಡಿ ಮಗ್ಗದ ನಾಲ್ಕು ಕವಡೆ

“ಬ್ಯಾಡ ಸಾವ್ಕಾರ್ರೆ. ಆ ಮನೇಲಿ ಆಟಕ್ಕೆ ಮಾತ್ರ ಕೂರ್ಬ್ಯಾಡ್ರಿ.”

ಪೆದ್ದಣ್ಣ ಇದನ್ನು ಹೇಳಿದ್ದು ಹಾಡಹಗಲು, ನಡುಬೀದಿಯಲ್ಲಿ ನಿಂತು. ಅದೂ ಅತ್ತಿತ್ತ ನೋಡಿ, ದನಿ ತಗ್ಗಿಸಿ. ಓಂಕಾರಮೂರ್ತಿಗೆ ನಗು ತಡೆಯಲಾಗಲಿಲ್ಲ. ಬಾಯಲ್ಲಿದ್ದ ಎಲೆಯಡಿಕೆ ಅಂಗಿಯ ಮೇಲೆ ಸಿಡಿಯಿತು.

“ಅಲ್ಲ ಪೆದ್ದಣ್ಣ, ಪ್ರತಿ ಅಮಾಸೆ ನೀನೇ ಅಲ್ಲಿ ಕೂತು ಆಡ್ತೀಯಂತೆ. ನಾನ್ಯಾಕೆ ಕೂರ್ಬಾರ್ದು?”

“ನಮಗೆ ಬ್ಯಾರೆ ಗತಿ ಇಲ್ಲ. ನಿಮಗೆ ಐತೆ.”

ಅಷ್ಟು ಹೇಳಿ ಮುದುಕ ಸರಸರನೆ ನಡೆದುಬಿಟ್ಟ.

ಓಂಕಾರಮೂರ್ತಿ ಚಳ್ಳಕೆರೆಯ ಬಟ್ಟೆ ವ್ಯಾಪಾರಿ. ಮೂವತ್ತೆರಡು ವಯಸ್ಸು, ಡಿಗ್ರಿ ಓದಿದವನು, ಯಾರು ಏನು ಹೇಳಿದರೂ ಅದರ ಹಿಂದೆ ಇನ್ನೇನೋ ಇದೆ ಎಂದು ಹುಡುಕುವ ಬುದ್ಧಿ. ೧೯೯೮ರ ಶ್ರಾವಣದಲ್ಲಿ ಮದುವೆ ಸೀರೆಗಳನ್ನು ಎದುರಿಗೆ ಕೂತು ನೇಯಿಸಲೆಂದು ಮೊಳಕಾಲ್ಮೂರಿಗೆ ಬಂದು ಕೋಣೆ ಹಿಡಿದಿದ್ದ. ದಿನವೆಲ್ಲ ಬೀದಿಬೀದಿಯಲ್ಲಿ ಮಗ್ಗಗಳ ಲಟಪಟ ಸದ್ದು. ಅಮಾವಾಸ್ಯೆಯ ದಿನ ಮಾತ್ರ ಅಲ್ಲಿ ಯಾರೂ ಮಗ್ಗ ಮುಟ್ಟುವುದಿಲ್ಲ. ಊರಿಗೆ ಊರೇ ಮೌನವಾಗುತ್ತದೆ. ಅಂಥ ದಿನ ಹೊತ್ತು ಕಳೆಯುವುದು ಹೇಗೆ? ಇಸ್ಪೀಟು, ಕೇರಂ, ಚೌಕಾಬಾರ, ಯಾವುದಾದರೂ ಸರಿ, ಆಟವೆಂದರೆ ಅವನಿಗೆ ಊಟ ಬೇಡ, ನಿದ್ದೆ ಬೇಡ. ಅವನ ಸೀರೆಗಳನ್ನು ನೇಯುತ್ತಿದ್ದ ಓಬಳೇಶ, ಅವನದೇ ವಯಸ್ಸಿನವನು, ಹದಿನೈದೇ ದಿನದಲ್ಲಿ ಹೆಗಲ ಮೇಲೆ ಕೈ ಹಾಕುವಷ್ಟು ಗೆಳೆಯನಾಗಿದ್ದ. “ನಮ್ಮ ಆಟಕ್ಕೆ ಒಬ್ರು ಕಮ್ಮಿ ಅದಾರೆ, ಬರ್ತೀರಾ?” ಎಂದು ಕರೆದವನು ಅವನೇ.

ಮುದುಕನಿಗೆ ತನ್ನ ಕೈಲಿ ಸೋಲುವ ಭಯ ಇರಬೇಕು. ಇಲ್ಲವೇ ಕವಡೆಯಲ್ಲಿ ಏನೋ ಮೋಸ ಇರಬೇಕು, ಹೊರಗಿನವನ ಕಣ್ಣಿಗೆ ಬೀಳಬಾರದೆಂದು ಹೆದರಿಸುತ್ತಿರಬೇಕು. ಹೀಗೆ ಲೆಕ್ಕ ಹಾಕುತ್ತ ಓಂಕಾರಮೂರ್ತಿ ಮಧ್ಯಾಹ್ನ ಎರಡಕ್ಕೆ ಓಬಳೇಶನ ಮನೆಯ ಹೊಸಿಲು ದಾಟಿದ.

ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಕತ್ತಲು. ಚಪ್ಪಡಿ ಹೊದಿಸಿದ ತಗ್ಗಿನ ಸೂರು, ಒಂದೇ ಬೆಳಕಿಂಡಿ. ನೇಯುವವರು ಕಾಲು ಇಳಿಬಿಟ್ಟು ಕೂರುವ ಮಗ್ಗದ ಗುಂಡಿ ಮೂಲೆಯಲ್ಲಿ ಬಾಯಿ ತೆರೆದುಕೊಂಡಿತ್ತು. ಗಂಜಿ ಹಾಕಿದ ನೂಲಿನ ಹುಳಿವಾಸನೆ, ಒದ್ದೆ ಮಣ್ಣಿನ ವಾಸನೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ಚೌಕಾಬಾರದ ಮನೆ. ಅದರ ಸುತ್ತ ಓಬಳೇಶ, ಅವನ ಪಕ್ಕದ ಮನೆಯ ಹನುಮಂತರಾಜು, ಇತ್ತ ಪೆದ್ದಣ್ಣ. ಪೆದ್ದಣ್ಣ ಓಂಕಾರಮೂರ್ತಿಯ ಮುಖ ನೋಡಲಿಲ್ಲ.

ಚೌಕಾಬಾರ ಗೊತ್ತಿಲ್ಲದವರು ಯಾರಿದ್ದಾರೆ! ನಾಲ್ಕು ಕವಡೆ ಎಸೆಯಬೇಕು, ಬಿದ್ದ ಗರದಷ್ಟು ಕಾಯಿ ನಡೆಸಬೇಕು. ಹೊರಸುತ್ತು ಮುಗಿಸಿ, ಒಳಸುತ್ತಿಗೆ ಹೋಗಿ, ನಡುಮನೆ ಸೇರಿದರೆ ಕಾಯಿ ಹಣ್ಣಾದಂತೆ. ಆದರೆ ಒಂದು ಕಟ್ಟುಪಾಡು ಇದೆ. ಬೇರೆಯವರ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಪ್ರವೇಶವಿಲ್ಲ. ಕಡಿಯದವನು ಹೊರಗೇ ಸುತ್ತುತ್ತಿರಬೇಕು, ಸುತ್ತಿ ಸುತ್ತಿ ಸೋಲಬೇಕು.

ಓಂಕಾರಮೂರ್ತಿ ಮೊದಲು ಕವಡೆಗಳನ್ನು ಕೈಲಿ ಹಿಡಿದು ತೂಗಿ ನೋಡಿದ. ಹಳೆಯವು, ಹಳದಿಗಟ್ಟಿದವು, ಹಲ್ಲಿನ ಸಂದಿಯಲ್ಲಿ ಕಪ್ಪು ಮಸಿ. ಯಾವುದರಲ್ಲೂ ಸೀಸ ತುಂಬಿರಲಿಲ್ಲ. ವಿಚಿತ್ರವೆಂದರೆ ಅವು ತಣ್ಣಗಿದ್ದವು. ಅಂಗೈಯಲ್ಲಿ ಎಷ್ಟು ಹೊತ್ತು ಇಟ್ಟುಕೊಂಡರೂ ತಣ್ಣಗೇ ಇದ್ದವು.

ಆಟ ಶುರುವಾಯಿತು. ಅವನಿಗೆ ಆಟವೆಂದರೆ ಗಲಾಟೆ, ಕೂಗು, ಕಿಚಾಯಿಸುವುದು. “ಬಾರಾ ಬಿತ್ತು ನೋಡ್ರಲೇ!” ಎಂದು ಕೂಗಿದ. ಯಾರೂ ನಗಲಿಲ್ಲ. ಮೂವರೂ ಪರೀಕ್ಷೆಗೆ ಕೂತವರ ಹಾಗೆ ಬೆವರುತ್ತಿದ್ದರು. ಓಬಳೇಶನ ಕೊನೆಯ ಕಾಯಿ ಹಣ್ಣಾಗಲು ಎರಡೇ ಮನೆ ಬಾಕಿ ಇದ್ದಾಗ ಓಂಕಾರಮೂರ್ತಿಗೆ ಮೂರು ಬಿತ್ತು. ಸರಿಯಾಗಿ ಅದರ ತಲೆಯ ಮೇಲೇ ಹೋಗಿ ಕೂತ.

“ಕಡಿದೆ!”

ಹನುಮಂತರಾಜುವಿನ ಎದೆಯಿಂದ ಒಂದು ನಿಟ್ಟುಸಿರು ಹೊರಬಿತ್ತು. ಪೆದ್ದಣ್ಣ ಕಣ್ಣು ಮುಚ್ಚಿಕೊಂಡ. ಆ ನಿಟ್ಟುಸಿರು ಓಂಕಾರಮೂರ್ತಿಯ ಕಿವಿಗೆ ಬಿತ್ತು. ಗೆದ್ದ ಖುಷಿಯದಲ್ಲ ಅದು, ಪಾರಾದವನದು.

ಸ್ವಲ್ಪ ಹೊತ್ತಿಗೆ ಮೂವರ ಕಾಯಿಗಳೂ ಹಣ್ಣಾದವು. ಓಬಳೇಶ ಮಾತ್ರ ಉಳಿದ, ಸೋತ. ಎದ್ದು ಹಿತ್ತಲಿಗೆ ಓಡಿ ಕರುಳು ಕಿತ್ತು ಬರುವಂತೆ ವಾಂತಿ ಮಾಡಿಕೊಂಡ. ಒಳಗೆ ಬಂದು ಗೋಡೆಗೊರಗಿ ಕೇಳಿದ: “ಮಗ್ಗ ಇನ್ನೂ ನಿಂತಿಲ್ಲ. ನಿಲ್ಸಕ್ಕೆ ಹೇಳ್ರಲೇ.”

ಮಗ್ಗದಲ್ಲಿ ಯಾರೂ ಇರಲಿಲ್ಲ. ಊರಲ್ಲೆಲ್ಲೂ ಒಂದು ಸದ್ದೂ ಇರಲಿಲ್ಲ.

ಆಮೇಲೆ ವಿಷಯ ಬಾಯಿಬಿಟ್ಟವನು ಪೆದ್ದಣ್ಣ. ಓಂಕಾರಮೂರ್ತಿಯ ಕೋಣೆಗೆ ಬಂದು, ಬಾಗಿಲು ಮುಂದಕ್ಕೆ ಎಳೆದುಕೊಂಡು ಕೂತು ಹೇಳಿದ. ಹತ್ತು ವರ್ಷದ ಹಿಂದೆ ಆ ಮಗ್ಗದ ಗುಂಡಿಯನ್ನು ಆಳ ಮಾಡಲು ನಾಲ್ವರು ಅಗೆದರಂತೆ. ಮೂವರು ಇವರು, ನಾಲ್ಕನೆಯವನು ಗಾದ್ರಪ್ಪ. ಮೊಳದಾಳದಲ್ಲಿ ಬಾಯಿಗೆ ಬಟ್ಟೆ ಬಿಗಿದ ಒಂದು ಕುಡಿಕೆ ಸಿಕ್ಕಿತು. ಒಳಗೆ ಹೆಂಗಸಿನ ಕೂದಲ ಉಂಡೆ, ಅರಿಶಿನದ ಚಿಂದಿ, ನಾಲ್ಕು ಕವಡೆ. ಯಾರೋ ಯಾರಿಗೋ ಮಾಡಿಸಿದ ಮಾಟ. ಉಳಿದವರದು ಹುಡುಗಾಟದ ವಯಸ್ಸು, ಪೆದ್ದಣ್ಣನೂ ತಡೆಯಲಿಲ್ಲ; ಕುಡಿಕೆ ಒಡೆದು, ಕೂದಲು ಸುಟ್ಟು, ಒಳ್ಳೇ ಕವಡೆ ಯಾಕೆ ಬಿಸಾಡುವುದೆಂದು ಅಲ್ಲೇ ಕೂತು ಒಂದಾಟ ಆಡಿದರು. ಸೋತವನ ಮೈಮೇಲೆ ಅದು ಹತ್ತಿತು.

“ಹತ್ತಿದ್ರೆ ಏನಾಗುತ್ತೆ?”

“ಉಣ್ಣೋ ಅನ್ನ, ಕುಡಿಯೋ ನೀರು ಎಲ್ಲಾ ಹುಳ ಬೇಯಿಸಿದ ವಾಸ್ನೆ ಹೊಡೆಯುತ್ತೆ. ರೇಷ್ಮೆ ಗೂಡು ಬೇಯಿಸ್ತಾರಲ್ಲ, ಆ ನಾತ. ತುತ್ತು ಇಳಿಯಲ್ಲ. ಕಾಲ ಕೆಳಗೆ ಮಗ್ಗ ಆಡ್ದಂಗೆ ಸದ್ದು. ಮುಂದಿನ ಅಮಾಸೆಗೆ ನಾಲ್ಕು ಜನ ಕೂತು ಅದೇ ಕವಡೇಲಿ ಆಡಿದ್ರೆ, ಸೋತೋರಿಗೆ ದಾಟುತ್ತೆ. ಒಂದು ತಿಂಗಳು, ಎರಡು ತಿಂಗಳು ತಡ್ಕೋಬಹುದು. ಮೂರು ಯಾರೂ ತಡೆದಿಲ್ಲ. ಗಾದ್ರಪ್ಪ ಸಾಲಾಗಿ ಮೂರು ಸಲ ಸೋತ. ಹೋದ ತಿಂಗಳು ಮಣ್ಣು ಮಾಡಿದ್ವಿ. ಅವತ್ತೇ ಅದು ಹೆಣದ ಪಕ್ಕ ಕೂತಿದ್ದ ಓಬಳೇಶನ್ನ ಹಿಡೀತು. ಈಗ ಅವನಿಗೆ ಎರಡ್ನೇ ತಿಂಗಳು.”

“ಹಂಗಾದ್ರೆ ಕವಡೆ ಒಡೆದು ಹಾಕ್ರಿ.”

“ಒಡೆದಾಗ ಯಾರ ಮೈಮ್ಯಾಲೆ ಐತೋ ಅವ್ರ ಮ್ಯಾಲೇ ನಿಂತುಬಿಡುತ್ತಂತೆ. ಆ ಜೀವದ ಜೊತೆಗೇ ಹೋಗೋದು. ಯಾರು ಒಡೀತಾರೆ ಹೇಳ್ರಿ?”

ಓಂಕಾರಮೂರ್ತಿ ತಲೆಯಾಡಿಸಿದ. ಒಂದಕ್ಷರವನ್ನೂ ನಂಬಲಿಲ್ಲ. ಇಷ್ಟುದ್ದದ ಕತೆ ಕಟ್ಟಬೇಕಾದರೆ ಇದರಲ್ಲಿ ಏನೋ ಮಸಲತ್ತಿದೆ ಎಂದುಕೊಂಡ. ನೇಯುವುದನ್ನು ನಿಲ್ಲಿಸುವ ನೆಪವೋ? ತನ್ನನ್ನು ಊರಿಂದ ಓಡಿಸುವ ಹುನ್ನಾರವೋ? ಓಬಳೇಶ ದಿನದಿಂದ ದಿನಕ್ಕೆ ಕೃಶವಾಗುತ್ತಿದ್ದ. ಅದಕ್ಕೂ ಇವನ ಬಳಿ ಉತ್ತರವಿತ್ತು, ಹೊಟ್ಟೆಯಲ್ಲಿ ಹುಣ್ಣಾಗಿದೆ, ಡಾಕ್ಟರಿಗೆ ತೋರಿಸುವ ಬದಲು ಮಾಟ ಮಂತ್ರ ಎನ್ನುತ್ತಾರೆ, ಮೂಢರು. ಚಿತ್ರದುರ್ಗಕ್ಕೆ ಕರೆದುಕೊಂಡು ಹೋಗಿಯೂ ಬಂದ. ಡಾಕ್ಟರು ಏನೂ ಇಲ್ಲವೆಂದರು.

ಮುಂದಿನ ಅಮಾವಾಸ್ಯೆಯ ಬೆಳಿಗ್ಗೆ ಓಬಳೇಶನ ಹೆಂಡತಿ ಹೊನ್ನಕ್ಕ ಕೋಣೆಯ ಬಾಗಿಲಿಗೆ ಬಂದು ನಿಂತಳು. ಸೆರಗಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿದಿದ್ದಳು.

“ಅಣ್ಣಾರೆ, ಇವತ್ತು ಅವ್ರನ್ನ ಸೋಲ್ಸಬ್ಯಾಡ್ರಿ. ನಿಮ್ಮ ದಮ್ಮಯ್ಯ.”

ಅವಳ ಕಣ್ಣೀರು ನೋಡಿ ಅವನ ಕರುಳು ಚುರುಕ್ಕೆಂದಿತು, ಸುಳ್ಳು ಹೇಳಬಾರದು. ಜೊತೆಗೆ ಹಮ್ಮೂ ಎದ್ದಿತು. ಆಗಲಿ, ಇವತ್ತು ನಾನೇ ಸೋಲುತ್ತೇನೆ. ಸೋತರೆ ನನ್ನ ಗಂಟೇನು ಹೋಗುತ್ತದೆ? ನಾಳೆ ಎಲ್ಲರ ಎದುರಿಗೆ ಹೊಟ್ಟೆ ತುಂಬಾ ಉಂಡು ತೋರಿಸುತ್ತೇನೆ. ಇವರ ಬಂಡವಾಳ ಬಯಲಾಗುತ್ತದೆ, ಓಬಳೇಶನೂ ಭ್ರಮೆ ಬಿಟ್ಟು ಎದ್ದು ಕೂರುತ್ತಾನೆ.

ಸೋಲುವುದು ಎಷ್ಟು ಸುಲಭ! ಕಡಿಯದಿದ್ದರೆ ಸಾಕು. ಓಬಳೇಶನ ಕಾಯಿ ಒಂದೇ ಮನೆ ದೂರದಲ್ಲಿತ್ತು, ಇವನು ಬೇರೆ ಕಾಯಿ ನಡೆಸಿದ. ಹನುಮಂತರಾಜುವಿನದು ಕೈಗೆ ಸಿಕ್ಕಿತು, ಕಾಣದವನಂತೆ ದಾಟಿ ಹೋದ. ಮೂವರೂ ಉಸಿರು ಬಿಗಿಹಿಡಿದು ಅವನನ್ನೇ ನೋಡುತ್ತಿದ್ದರು. ಓಬಳೇಶನ ಕೊನೆಯ ಕಾಯಿ ಹಣ್ಣಾಯಿತು. ಓಂಕಾರಮೂರ್ತಿಯ ನಾಲ್ಕೂ ಕಾಯಿ ಹೊರಸುತ್ತಿನಲ್ಲೇ ಉಳಿದವು.

“ಸೋತೆನಪ್ಪ. ಸಂತೋಷವಾ?” ಎಂದು ನಗುತ್ತ ಎದ್ದು, ಚೊಂಬೆತ್ತಿ ನೀರು ಬಾಯಿಗೆ ಸುರಿದುಕೊಂಡ.

ಕೊಳೆತ ಹುಳದ ನಾತ. ಗಂಟಲಿಗೆ ಇಳಿಯುವ ಮೊದಲೇ ಹೊರಗೆ ಬಂತು. ಕಾಲ ಕೆಳಗೆ, ನೆಲದ ಅಡಿಯಲ್ಲಿ, ಎಲ್ಲೋ ಆಳದಲ್ಲಿ ಒಂದು ಮಗ್ಗ ಶುರುವಾಯಿತು. ಲಟ್. ಪಟ್. ಲಟ್. ಪಟ್. ಓಬಳೇಶ ಆಗಲೇ ಅಡುಗೆಮನೆಯಲ್ಲಿ ಕೂತು ತಂಗಳನ್ನ ಗಬಗಬ ತಿನ್ನುತ್ತಿದ್ದ. ಹೊನ್ನಕ್ಕ ಬಡಿಸುತ್ತಿದ್ದಳು. ಇಬ್ಬರೂ ಇವನತ್ತ ತಿರುಗಿ ನೋಡಲಿಲ್ಲ.

ಆ ತಿಂಗಳು ಅವನು ಹೇಗೆ ಕಳೆದನೋ ಅವನಿಗೇ ಗೊತ್ತು. ಬಾಳೆಹಣ್ಣು ನಾರಿತು, ಎಳನೀರು ನಾರಿತು, ಡಾಕ್ಟರು ಕೊಟ್ಟ ಮಾತ್ರೆಯೂ ನಾರಿತು. ಮೂಗಿಗೆ ಹತ್ತಿ ತುರುಕಿಕೊಂಡು ಗಂಜಿ ಕುಡಿದ. ಬಸ್ಸಿನಲ್ಲಿ ಕೂತರೆ ಬಸ್ಸಿನ ಅಡಿಯಲ್ಲಿ ಮಗ್ಗ. ಬೆಟ್ಟದ ಬಂಡೆಯ ಮೇಲೆ ಕೂತರೆ ಬಂಡೆಯ ಒಳಗೆ ಮಗ್ಗ. ಆದರೂ ಒಂದು ಧೈರ್ಯವಿತ್ತು. ಅಮಾವಾಸ್ಯೆ ಬರುತ್ತದೆ, ಆಡುತ್ತೇನೆ, ಗೆಲ್ಲುತ್ತೇನೆ. ಆಟದಲ್ಲಿ ತನ್ನನ್ನು ಮೀರಿಸುವವರು ಆ ಮೂವರಲ್ಲಿ ಯಾರೂ ಇಲ್ಲ.

ಅಮಾವಾಸ್ಯೆ ಬಂತು. ಓಬಳೇಶನ ಮನೆಯ ಬಾಗಿಲಿಗೆ ಒಳಗಿನಿಂದ ಅಗುಳಿ ಬಿದ್ದಿತ್ತು.

ಬಡಿದ. ಕೂಗಿದ. ಕೈ ಕೆಂಪಾಗುವವರೆಗೆ ಬಡಿದ. ಕೊನೆಗೆ ಕಿಟಕಿ ಬೆರಳಷ್ಟು ತೆರೆಯಿತು. ಓಬಳೇಶನ ಮುಖ ತುಂಬಿಕೊಂಡಿತ್ತು, ಕೆನ್ನೆಗೆ ಬಣ್ಣ ಬಂದಿತ್ತು.

“ಊರಿಗೆ ಹೋಗ್ಬಿಡ್ರಿ ಸಾವ್ಕಾರ್ರೆ.”

“ಲೇ ಓಬಳೇಶ, ನಿನಗೋಸ್ಕರ ಸೋತೆ ಕಣೋ ನಾನು!”

“ಗೊತ್ತೈತೆ.” ಅವನ ಕಣ್ಣಲ್ಲಿ ನೀರಿತ್ತು. “ನನಗೂ ಹೆಂಡ್ರು ಮಕ್ಕಳು ಅವ್ರೆ. ಹತ್ತು ವರ್ಷ ಹೊತ್ತಿದ್ದೀವಿ. ಸಾಕು.”

ಕಿಟಕಿ ಮುಚ್ಚಿತು. ಎಲ್ಲವೂ ಈಗ ಅರ್ಥವಾಯಿತು. ನಾಲ್ಕನೆಯವನು ಬೇಕಾಗಿದ್ದು ಆಟಕ್ಕಲ್ಲ, ಹೊತ್ತುಕೊಂಡು ಊರು ಬಿಡುವುದಕ್ಕೆ. ಅವನ ಅನುಮಾನ ಮೊದಲಿನಿಂದಲೂ ಸರಿಯಾಗಿಯೇ ಇತ್ತು. ಏನನ್ನು ಅನುಮಾನಿಸಬೇಕಿತ್ತೋ ಅದನ್ನು ಮಾತ್ರ ಬಿಟ್ಟಿದ್ದ, ಪೆದ್ದ.

ಚಳ್ಳಕೆರೆಗೆ ಬಂದು ಹಾಸಿಗೆ ಹಿಡಿದ. ಎರಡನೆಯ ತಿಂಗಳು. ಹೆಂಡತಿ ಮಂಗಳಗೌರಿ ಕೇಳಿ ಕೇಳಿ ಅತ್ತಾಗ ಎಲ್ಲವನ್ನೂ ಹೇಳಿದ. ತಾಯಿ ತಿಪ್ಪೇರುದ್ರಮ್ಮ ಬಾಗಿಲ ಬಳಿ ನಿಂತು ಕೇಳಿಸಿಕೊಂಡಳು. ಅವಳು ಗಟ್ಟಿಗಿತ್ತಿ. ಗಂಡ ಸತ್ತ ಮೇಲೆ ಅಂಗಡಿಯ ಗಲ್ಲಾ ಮೇಲೆ ಕೂತು ಮಗನನ್ನು ಓದಿಸಿದವಳು. ಮಗನಿಗೆ ಚೌಕಾಬಾರ ಕಲಿಸಿದವಳೂ ಅವಳೇ. ಆಡುವಾಗ ಅವಳಿಗೆ ಮಗನೂ ಒಂದೇ, ಪರರೂ ಒಂದೇ. ಕೈಗೆ ಸಿಕ್ಕ ಕಾಯಿಯನ್ನು ಜೀವಮಾನದಲ್ಲಿ ಬಿಟ್ಟವಳಲ್ಲ. ಸಣ್ಣವನಿದ್ದಾಗ ಅವಳು ಕಡಿದಳೆಂದು ಓಂಕಾರಮೂರ್ತಿ ಎಷ್ಟು ಸಲ ನೆಲಕ್ಕೆ ಬಿದ್ದು ಅತ್ತಿದ್ದನೋ.

ಅವಳು ಮರುದಿನ ಮೊಳಕಾಲ್ಮೂರಿನ ಬಸ್ಸು ಹತ್ತಿದಳು. ಅಲ್ಲಿ ಯಾರ ಬಳಿ ಏನು ಮಾತಾಡಿದಳೋ, ಯಾರ ಕೊರಳಪಟ್ಟಿ ಹಿಡಿದಳೋ ತಿಳಿಯದು. ಮುಂದಿನ ಅಮಾವಾಸ್ಯೆಯ ಮಧ್ಯಾಹ್ನ ಪೆದ್ದಣ್ಣ ಚಳ್ಳಕೆರೆಯ ಮನೆಯ ಪಡಸಾಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದ. ಮುಂದೆ ಬಟ್ಟೆಯ ಗಂಟು, ಅದರಲ್ಲಿ ನಾಲ್ಕು ಕವಡೆ.

“ಜಾಗ ಯಾವುದಾದ್ರೂ ಆಗುತ್ತೆ ಅಮ್ಮಾರೆ. ಕವಡೆ ಇವೇ ಆಗ್ಬೇಕು. ನಾಲ್ಕು ಜನ ಆಗ್ಬೇಕು.”

“ನಾನು, ನೀನು, ಇವನು, ಇವಳು. ಆಯ್ತಲ್ಲ.” ತಿಪ್ಪೇರುದ್ರಮ್ಮ ನೆಲದ ಮೇಲೆ ಮನೆ ಬರೆದಳು. “ಒಡೆದ್ರೆ ಹೊತ್ತೋರ ಜೊತೆಗೇ ಹೋಗುತ್ತೆ ಅಂದ್ಯಲ್ಲ, ಅದು ಖಾತ್ರಿಯೇನೋ ಪೆದ್ದಣ್ಣ?”

“ಒಡೆದ ಕುಡಿಕೆ ಚೂರು ತೋರಿಸಿ ಕೇಳಿದಾಗ ಮಂತ್ರವಾದಿ ಹಂಗೇ ಹೇಳಿದ ಅಮ್ಮಾರೆ.”

“ಸರಿ. ಎಸಿ.”

ಓಂಕಾರಮೂರ್ತಿಯನ್ನು ದಿಂಬಿಗೆ ಒರಗಿಸಿ ಕೂರಿಸಿದರು. ಬಾಗಿಲಾಚೆ ಶೇಂಗಾ ಎಣ್ಣೆ ಗಾಣದ ಬೀದಿ, ಅಲ್ಲಿನ ಗಾಳಿಯೂ ಅವನಿಗೆ ಹುಳದ ನಾತವೇ. ನೆಲದಡಿಯ ಮಗ್ಗ ಈಗ ಓಡುತ್ತಿತ್ತು. ಲಟಪಟ ಲಟಪಟ. ಇವತ್ತು ಸೋತರೆ ಮೂರನೆಯ ತಿಂಗಳು. ಮೂರನ್ನು ಯಾರೂ ತಡೆದಿಲ್ಲ.

ಅವನು ಪ್ರಾಣ ಪಣಕ್ಕಿಟ್ಟು ಆಡಿದ. ಮೊದಲು ಪೆದ್ದಣ್ಣನ ಕಾಯಿ ಕಡಿದ. ಒಳಸುತ್ತು ತೆರೆಯಿತು. ಪೆದ್ದಣ್ಣ ಮಂಗಳಗೌರಿಯದನ್ನು ಕಡಿದ. ಮಂಗಳಗೌರಿ ಅಳುತ್ತಲೇ ಗಂಡನದೊಂದನ್ನು ಕಡಿದಳು, ಬೇರೆ ದಾರಿ ಇರಲಿಲ್ಲ, ಬಸುರಿ ಅವಳು. ಆ ವಿಷಯ ಹಿಂದಿನ ವಾರವಷ್ಟೇ ತಿಳಿದಿತ್ತು. ಆಟಕ್ಕೆ ಬೇರೆ ಯಾರನ್ನು ಕರೆಯಲಾದೀತು? ವಿಷಯ ತಿಳಿಸದೆ ಹೊರಗಿನವರನ್ನು ಕೂರಿಸುವುದು ಬೇಡವೆಂದು ಅತ್ತೆಯೇ ಖಡಾಖಂಡಿತ ಹೇಳಿದ್ದಳು.

ತಿಪ್ಪೇರುದ್ರಮ್ಮನಿಗೆ ಎರಡು ಬಿತ್ತು. ಎರಡು ಮನೆ ಮುಂದೆ ಪೆದ್ದಣ್ಣನ ಕಾಯಿ ಇತ್ತು. ಅವಳು ಬೇರೆ ಕಾಯಿ ನಡೆಸಿದಳು.

ಕಣ್ಣು ಮಂಜಾಗಿರಬೇಕು ಎಂದುಕೊಂಡ ಓಂಕಾರಮೂರ್ತಿ.

ಮುಂದಿನ ಸುತ್ತಿನಲ್ಲಿ ಅವಳಿಗೆ ಚೌಕ. ನಾಲ್ಕನೆಯ ಮನೆಯಲ್ಲಿ ಸೊಸೆಯ ಕಾಯಿ. ಮುದುಕಿ ಅದನ್ನು ಬಿಟ್ಟು ಹಿಂದಿನ ಕಾಯಿಯನ್ನು ಎತ್ತಿದಳು. ಆ ಆಟ ಓಂಕಾರಮೂರ್ತಿಗೆ ಗೊತ್ತಿತ್ತು. ಸೋಲಬೇಕೆಂದು ಕೂತವರು ಹೇಗೆ ಆಡುತ್ತಾರೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು?

ಮೂರನೆಯ ಸಲ ಅವನದೇ ಕಾಯಿ ಅವಳ ಕೈಗೆ ಸಿಕ್ಕಿತು. ಒಂದೇ ಮನೆ. ಬಿದ್ದಿದ್ದು ಒಂದೇ. ಅವಳು ಕಡಿಯಲಿಲ್ಲ.

ಅವನು ತಲೆ ಎತ್ತಿ ತಾಯಿಯನ್ನು ನೋಡಿದ. ಅವಳು ಆಟದ ಮನೆಯನ್ನೇ ನೋಡುತ್ತಿದ್ದಳು.

“ನಿನ್ನ ಗರ. ಎಸಿ.”

ಪೆದ್ದಣ್ಣನ ಕಾಯಿಗಳು ಹಣ್ಣಾಗಿದ್ದವು. ಮಂಗಳಗೌರಿಯವೂ ಹಣ್ಣಾಗಿದ್ದವು. ಉಳಿದವರು ತಾಯಿ, ಮಗ. ಅವನದು ಒಂದೇ ಕಾಯಿ. ನಡುಮನೆಗೆ ಮೂರು ಹೆಜ್ಜೆ. ಬೇಡ ಅನ್ನಬಹುದಿತ್ತು. ಅವ್ವ, ಕಡಿ ಅನ್ನಬಹುದಿತ್ತು. ಕವಡೆ ಕಿತ್ತೆಸೆದು ಎದ್ದು ಹೋಗಬಹುದಿತ್ತು. ಬಾಯಿ ತೆರೆದ. ಹುಳದ ನಾತ ನುಗ್ಗಿತು. ಲಟಪಟ ಲಟಪಟ ಲಟಪಟ. ಮೂರು ಯಾರೂ ತಡೆದಿಲ್ಲ. ಬಾಯಿ ಮುಚ್ಚಿದ. ಕೈ ಚಾಚಿದ. ಎಸೆದ.

ಮೂರು.

ಕಾಯಿಯನ್ನು ಅವನೇ ಎತ್ತಿ ನಡುಮನೆಯಲ್ಲಿ ಇಟ್ಟ. ಮಗ್ಗ ನಿಂತಿತು. ಒಂದೇ ಏಟಿಗೆ, ಯಾರೋ ನೂಲು ಕತ್ತರಿಸಿದಂತೆ.

ತಿಪ್ಪೇರುದ್ರಮ್ಮ ಒಮ್ಮೆ ಮೂಗು ಮುದುಡಿದಳು. ಗೋಡೆ ಹಿಡಿದು ಎದ್ದಳು. ನಾಲ್ಕು ಕವಡೆಗಳನ್ನೂ ಮುಷ್ಟಿಯಲ್ಲಿ ಹಿಡಿದು ಹಿತ್ತಲಿನ ಒರಳಿನ ಬಳಿಗೆ ಹೋದಳು.

“ಅಮ್ಮಾರೆ, ಬ್ಯಾಡ್ರಿ! ಇನ್ನೊಂದು ಅಮಾಸೆ ಆಡಿ ದಾಟಿಸ್ಬಹುದು!” ಪೆದ್ದಣ್ಣ ಕೂಗಿಕೊಂಡ.

“ಯಾರಿಗೋ ದಾಟಿಸೋದು? ಈ ಬಸುರಿಗಾ, ನನ್ನ ಮಗನಿಗಾ? ನೀವು ನಾಲ್ಕು ಜನ ಗಂಡಸರು ಹತ್ತು ವರ್ಷ ಇದೊಂದನ್ನ ಮಾಡ್ಲಿಲ್ಲವಲ್ರೋ, ಥೂ.”

ಒನಕೆ ಎತ್ತಿ ಹಾಕಿದಳು. ಒಂದು. ಎರಡು. ಮೂರು. ನಾಲ್ಕು. ಒಳಗೆ ಏನೂ ಇರಲಿಲ್ಲ. ಹಳದಿ ಪುಡಿ, ಅಷ್ಟೇ. ಮಂಗಳಗೌರಿ ಓಡಿಹೋಗಿ ಅತ್ತೆಯ ಕಾಲು ಹಿಡಿದುಕೊಂಡು ಬೋರಾಡಿ ಅತ್ತಳು. ಪೆದ್ದಣ್ಣ ಹೇಳದೆ ಕೇಳದೆ ಹೊರಟುಹೋದ. ಓಂಕಾರಮೂರ್ತಿ ದಿಂಬಿಗೆ ಒರಗಿಯೇ ಇದ್ದ.

ಅವನಿಗೆ ಹಸಿವಾಗಿತ್ತು. ಎರಡು ತಿಂಗಳ ಹಸಿವು. ಗಾಣದ ಬೀದಿಯಿಂದ ಹುರಿದ ಶೇಂಗಾದ ಘಮ ತೇಲಿ ಬಂತು. ಅಡುಗೆಮನೆಯಿಂದ ಬಸ್ಸಾರಿನ ಒಗ್ಗರಣೆಯ ಪರಿಮಳ. ನಾಚಿಕೆಯಿಂದ ಸಾಯಬೇಕೆನಿಸಿತು. ಆದರೂ ಬಾಯಲ್ಲಿ ನೀರೂರಿತು.

ಸಂಜೆ ದೀಪ ಹಚ್ಚಿದ ಮೇಲೆ ತಾಯಿಯೇ ಬಡಿಸಲು ಬಂದಳು. ಸೊಸೆ ಎಷ್ಟು ಹೇಳಿದರೂ ಕೇಳಲಿಲ್ಲ. ಸೆರಗನ್ನು ಮೂಗಿಗೆ ಬಿಗಿಯಾಗಿ ಒತ್ತಿ ಹಿಡಿದಿದ್ದಳು. ಬಿಸಿ ಮುದ್ದೆ ಇಟ್ಟು, ಸಾರು ಹೊಯ್ದು, ಮುಖ ಪಕ್ಕಕ್ಕೆ ತಿರುಗಿಸಿ ಉಸಿರು ಎಳೆದುಕೊಂಡು ಮತ್ತೆ ಬಂದಳು. ಅವನು ಒಂದು ಮುದ್ದೆ ಉಂಡ. ಎರಡನೆಯದನ್ನೂ ಉಂಡ.

“ಇನ್ನೂ ಹಾಕ್ಲೇನೋ?” ಎಂದಳು.

ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ.

“ಹಾಕವ್ವ” ಎಂದ.